ಮೂಟೆಯ ಲೆಕ್ಕ, ಪಾವಿನ ಲೆಕ್ಕ

ಸಗಟು ಬೆಲೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ತಿಂಗಳ ಸಂಬಳದ ಗೃಹಸ್ಥನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಆಫೀಸಿನಲ್ಲಿ ಸಾಹೇಬರ ಮುಂದೆ ಬಾಯಿ ಬಿಡದವನು, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೂ ಸಂಕೋಚಪಡುವವನು, ‘ನಮ್ಮನೆಗೆ ಬೇಳೆಕಾಳೆಲ್ಲ ಹೋಲ್‌ಸೇಲ್ ರೇಟಲ್ಲೇ ಬರೋದು ಕಣ್ರೀ’ ಅನ್ನುವಾಗ ಮಾತ್ರ ಸುತ್ತಲಿನ ಹತ್ತು ಜನಕ್ಕೆ ಕೇಳಿಸಿಯೇ ಹೇಳುತ್ತಾನೆ. ಕೇಳಿದವರಾದರೂ ಸುಮ್ಮನಿರುತ್ತಾರೆಯೆ? ‘ಎಷ್ಟಕ್ಕೆ ಬಿತ್ತು?’ ಅನ್ನುತ್ತಾರೆ. ಅವನು ಒಂದು ಅಂಕಿ ಹೇಳುತ್ತಾನೆ. ಅದು ನೀವು ಕೊಟ್ಟದ್ದಕ್ಕಿಂತ ಕೆಜಿಗೆ ನಾಲ್ಕು ರೂಪಾಯಿ ಕಡಿಮೆ ಇರುತ್ತದೆ. ಯಾವಾಗಲೂ ನಾಲ್ಕೇ. ಐದು ಅಂದರೆ ನೀವು ನಂಬುವುದಿಲ್ಲ, ಮೂರು ಅಂದರೆ ನಿಮಗೆ ಹೊಟ್ಟೆ ಉರಿಯುವುದಿಲ್ಲ.

ನನ್ನ ಷಡ್ಡಕರು ಈ ಪಂಥದ ಪೀಠಾಧಿಪತಿಗಳು. ಮಾವನ ಮನೆಗೆ ನನಗಿಂತ ನಾಲ್ಕು ವರ್ಷ ಮೊದಲೇ ಅಳಿಯನಾಗಿ ಬಂದವರಾದ್ದರಿಂದ ನನಗೆ ಬುದ್ಧಿ ಹೇಳುವ ಹಕ್ಕು ಅವರಿಗೆ ಶಾಶ್ವತವಾಗಿ ಸಿಕ್ಕಿದೆ. ಊರಿಂದ ಬಂದ ನೆಂಟರಿಗೆ ನಾವೆಲ್ಲ ಲಾಲ್‌ಬಾಗು, ವಿಧಾನಸೌಧ, ಬಸವನಗುಡಿಯ ದೊಡ್ಡ ಬಸವಣ್ಣ ತೋರಿಸಿದರೆ ಇವರು ತರಗುಪೇಟೆ ತೋರಿಸುತ್ತಾರೆ. ‘ನಮ್ಮ ಹಿರೀಕರು ಊರು ಕಟ್ಟುವಾಗಲೇ ಸಾಮಾನಿನ ಚೀಟಿ ಬರೆದಿಟ್ಟಿದ್ದಾರೆ ನೋಡಿ, ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ! ನೀವು ಅದನ್ನ ಬಿಟ್ಟು ಗಾಜಿನ ಬಾಗಿಲಿನ ಅಂಗಡಿಗೆ ಹೋಗ್ತೀರಿ’ ಅಂತ ಗದರುತ್ತಾರೆ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಯಾವ ಮಂಡಿಯವನ ತಕ್ಕಡಿ ನೇರ, ಯಾವನ ನಗೆ ಮಾತ್ರ ನೇರ ಎಂಬುದು ಅವರಿಗೆ ಬಾಯಿಪಾಠ. 2003ರಲ್ಲಿ ಅದೇ ಯಶವಂತಪುರದಲ್ಲಿ ಮೆಟ್ರೊ ಸಗಟು ಮಳಿಗೆ ಬಾಗಿಲು ತೆರೆದಾಗ ಅದು ವ್ಯಾಪಾರಸ್ಥರಿಗೆ ಮಾತ್ರ. ಕಾರ್ಡ್ ಇಲ್ಲದವರಿಗೆ ಒಳಗೆ ಕೆಲಸವಿಲ್ಲ. ಷಡ್ಡಕರದು ಗುಮಾಸ್ತೆ ಕೆಲಸ. ಆದರೇನು, ಅವರ ದೊಡ್ಡಪ್ಪನ ಮಗನದೊಂದು ಝೆರಾಕ್ಸ್ ಅಂಗಡಿಯಿತ್ತು. ಆ ಅಂಗಡಿಗೆ ಹೋದ ಕಾಗದದ ರೀಮು ಎಷ್ಟೋ ಕಾಣೆ, ಆ ಕಾರ್ಡಿನ ಮೇಲೆ ಹೋದ ತೊಗರಿಬೇಳೆ ಮಾತ್ರ ಒಂದು ಹಾಸ್ಟೆಲ್ಲಿಗೆ ಸಾಕಾಗುವಷ್ಟಿತ್ತು.

ಅಕ್ಕಿಯ ಕಥೆ ಇನ್ನೂ ಸೊಗಸು. ಮುಂಚೆ ನಮ್ಮ ಅಂಗಡಿಗಳಲ್ಲಿ ಅಕ್ಕಿ ಮೂಟೆಯೆಂದರೆ 25 ಕೆಜಿ. 2022ರ ಜುಲೈ 18ರಿಂದ, ಕಟ್ಟಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನ ಚೀಲಗಳಿಗೆ ಶೇ. 5ರ ಜಿಎಸ್‌ಟಿ ಬಂತು. 25 ಕೆಜಿ ದಾಟಿದ ಮೂಟೆಗೆ ಮಾತ್ರ ಇಲ್ಲ ಅಂದರು. ದಿಲ್ಲಿಯಲ್ಲಿ ಕೂತವರು ಆದೇಶ ಬರೆದು ಪೆನ್ನಿಗೆ ಮುಚ್ಚಳ ಹಾಕುವಷ್ಟರಲ್ಲಿ ನಮ್ಮ ಗಿರಣಿಯವರು 26 ಕೆಜಿಯ ಮೂಟೆ ಹೊಲಿದು ಲಾರಿಗೆ ಏರಿಸಿದ್ದರು! ಮೂಟೆಗೆ ಸಾವಿರದ ಐನೂರು ರೂಪಾಯಿ ಅಂದುಕೊಳ್ಳಿ, ಆ ಒಂದೇ ಒಂದು ಹೆಚ್ಚಿನ ಕೆಜಿ ಎಪ್ಪತ್ತೈದು ರೂಪಾಯಿ ತೆರಿಗೆಯನ್ನು ಹೊರಗೆ ನೂಕಿತು. ಇನ್ನು ಚೀಲ ಬಿಚ್ಚಿ ಬಿಡಿಯಾಗಿ ತೂಗಿಸಿಕೊಂಡ ಅಕ್ಕಿಗೂ ತೆರಿಗೆಯಿಲ್ಲ. ಅಲ್ಲಿಗೆ, ಕಾಗದದ ಕೊಟ್ಟೆಯಲ್ಲಿ ಎರಡು ಕೆಜಿ ಕೊಳ್ಳುವ ಬಡಪಾಯಿಯೂ ಪಾರು, 26 ಕೆಜಿ ಹೆಗಲಿಗೇರಿಸಿದ ಷಡ್ಡಕರೂ ಪಾರು. ನಡುವೆ ಬಣ್ಣದ ಐದು ಕೆಜಿ ಪ್ಯಾಕೆಟ್ ಹಿಡಿದು ಬಿಲ್ಲಿಗೆ ನಿಂತ ನನ್ನಂಥವನೇ ಸಿಕ್ಕಿಬಿದ್ದವನು. ‘ನೋಡಿದ್ರಾ, ಸರ್ಕಾರಕ್ಕೂ ಗೊತ್ತು, ಮೂಟೆಯಲ್ಲಿ ಕೊಳ್ಳೋನು ಸಂಭಾವಿತ ಅಂತ’ ಎಂದು ಷಡ್ಡಕರು ಫೋನು ಮಾಡಿ ಹೇಳಿದರು. ಆ ನಿಯಮಕ್ಕೆ ತಾವೇ ಕರಡು ಬರೆದುಕೊಟ್ಟ ಗತ್ತಿತ್ತು ದನಿಯಲ್ಲಿ.

ಸರಿ, ಕೊಂಡದ್ದಾಯಿತು. ಇಡುವುದೆಲ್ಲಿ?

ನಮ್ಮ ಅಜ್ಜಂದಿರಿಗೆ ಈ ಪ್ರಶ್ನೆ ಇರಲಿಲ್ಲ. ಹಳೇ ಮೈಸೂರಿನ ಕಡೆ ವಾಡೆ, ಗುಡಾಣ. ಬಯಲುಸೀಮೆಯಲ್ಲಿ ನೆಲದೊಳಗೆ ತೋಡಿದ ಹಗೇವು. ಕರಾವಳಿಯಲ್ಲಿ ಬೈಹುಲ್ಲಿನಲ್ಲಿ ಸುತ್ತಿ ಬಿಗಿದ ಅಕ್ಕಿ ಮುಡಿ. ಮನೆ ಕಟ್ಟುವಾಗ ಮನುಷ್ಯರಿಗಿಂತ ಮೊದಲು ಧಾನ್ಯಕ್ಕೆ ಜಾಗ ಹಿಡಿಯುತ್ತಿದ್ದ ಕಾಲ. ಈಗಿನ ಎರಡು ರೂಮಿನ ಫ್ಲಾಟಿನಲ್ಲಿ ಮನುಷ್ಯರೇ ಅಡ್ಡಡ್ಡ ತಿರುಗಿ ಓಡಾಡಬೇಕು. ಷಡ್ಡಕರ ಮನೆಯಲ್ಲಿ ಅಕ್ಕಿ ಮಂಚದ ಕೆಳಗೆ, ಸಕ್ಕರೆ ಬೀರುವಿನಲ್ಲಿ ರೇಷ್ಮೆ ಸೀರೆಗಳ ಮಗ್ಗುಲಿಗೆ, ಬೇಳೆ ಸೋಫಾದ ಹಿಂದೆ, ಎಣ್ಣೆ ಟಿನ್ನು ದೇವರ ಮನೆಯಲ್ಲಿ. ದೇವರಿಗೆ ಕೈಮುಗಿಯುವವರು ಎಣ್ಣೆ ಟಿನ್ನಿಗೂ ಮುಗಿದೇ ಬರಬೇಕು. ಹೋದ ಸಲಕ್ಕಿಂತ ಈ ಸಲ ಸೋಫಾ ಗೋಡೆಯಿಂದ ಮುಂದೆ ಬಂದಿದ್ದರೆ ಬೇಳೆ ಅಗ್ಗವಾಗಿದೆ ಎಂದು ನೆಂಟರು ತಿಳಿದುಕೊಳ್ಳುತ್ತಾರೆ. ಪೇಪರಿನ ವಾಣಿಜ್ಯ ಪುಟ ನೋಡುವ ಕೆಲಸವೇ ಇಲ್ಲ.

ನಾನು ಒಮ್ಮೆ ಮೆಲ್ಲಗೆ ಲೆಕ್ಕ ತೆಗೆದೆ. ‘ಭಾವ, ಸಾವಿರ ಚದರಡಿ ಮನೆಗೆ ಇಪ್ಪತ್ತನಾಲ್ಕು ಸಾವಿರ ಬಾಡಿಗೆ ಅಂದ್ರೆ ಚದರಡಿಗೆ ಇಪ್ಪತ್ನಾಲ್ಕು ರೂಪಾಯಿ. ನಿಮ್ಮ ಮೂಟೆಗಳೆಲ್ಲ ಸೇರಿ ಎಂಟು ಚದರಡಿ ಹಿಡಿದಿವೆ. ತಿಂಗಳಿಗೆ ನೂರ ತೊಂಬತ್ತೆರಡು ರೂಪಾಯಿ ಬಾಡಿಗೆ ಅಕ್ಕಿಬೇಳೆಗೇ ಹೋಗ್ತಿದೆಯಲ್ಲ?’ ಅಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಮಂಚದ ಕೆಳಗಿನ ಜಾಗಕ್ಕೂ ಬಾಡಿಗೆ ಲೆಕ್ಕ ಹಾಕ್ತೀರಲ್ಲ, ನಿಮ್ಮಂಥ ಜಿಪುಣರನ್ನ ನಾನು ನೋಡಿಲ್ಲ ಕಣ್ರೀ’ ಅಂದರು.

ಬಾಡಿಗೆ ಕೊಡದೆ ಆ ಮನೆಯಲ್ಲಿ ವಾಸವಾಗಿರುವವರು ಇನ್ನೂ ಇದ್ದಾರೆ. ಅಕ್ಕಿಯ ಮೂತಿಹುಳು ಎಲ್ಲಿಂದಲೋ ಹಾರಿ ಬರುವುದೆಂದು ನಾವು ಕಿಟಕಿ ಮುಚ್ಚುತ್ತೇವೆ. ಆದರೆ ಅದರ ಅಮ್ಮ ಮಂಡಿಯಲ್ಲೋ ಗಿರಣಿಯಲ್ಲೋ ಕಾಳು ಕೊರೆದು ಒಳಗೇ ಮೊಟ್ಟೆಯಿಟ್ಟು ಹೋಗಿರುತ್ತಾಳೆ. ಎಷ್ಟು ಬಿಗಿಯಾದ ಡಬ್ಬಿಯಲ್ಲಿ ಹಾಕಿದರೂ ಒಳಗಿದ್ದದ್ದು ಹೊರಗೆ ಬಂದೇ ಬರುತ್ತದೆ. ಕೊಂಡ ಎರಡು ಕೆಜಿ ಹದಿನೈದು ದಿನಕ್ಕೆ ಮುಗಿಯುವ ಮನೆಯಲ್ಲಿ ಹುಳ ಹುಟ್ಟುವುದರೊಳಗೆ ಅನ್ನವಾಗಿ ಹೋಗುತ್ತದೆ. ಮೂಟೆಯ ಮನೆಯಲ್ಲಿ ಅದಕ್ಕೆ ಬಾಲ್ಯ, ಯೌವನ, ಮದುವೆ, ಮಕ್ಕಳು ಎಲ್ಲವೂ ಸಾವಕಾಶವಾಗಿ ಆಗುತ್ತವೆ.

ಹುಳ ಕಂಡ ದಿನ ಷಡ್ಡಕರ ಮನೆಯಲ್ಲಿ ಬಂಧುಬಳಗದ ಸಭೆ. ಒಬ್ಬರು ಬೇವಿನ ಎಲೆ ಅನ್ನುತ್ತಾರೆ, ಇನ್ನೊಬ್ಬರು ಒಣಮೆಣಸಿನಕಾಯಿ, ಮತ್ತೊಬ್ಬರು ಲವಂಗ. ಚಿಕ್ಕಮ್ಮನವರು ತೊಗರಿಬೇಳೆಗೆ ಹರಳೆಣ್ಣೆ ಸವರಬೇಕು ಅಂದರೆ, ಅವರ ಓರಗಿತ್ತಿ ಇಡೀ ಕಾಳಾದರೆ ಕೆಮ್ಮಣ್ಣು ಕಟ್ಟಬೇಕು ಅನ್ನುತ್ತಾರೆ. ಎಲ್ಲವನ್ನೂ ಒಟ್ಟಿಗೆ ಹಾಕಿದ ಒಂದು ಡಬ್ಬಿಯನ್ನು ನಾನೇ ನೋಡಿದ್ದೇನೆ. ಒಗ್ಗರಣೆ ಒಂದು ಕೊಟ್ಟಿದ್ದರೆ ಅದು ಅಲ್ಲೇ ಬಿಸಿಬೇಳೆಬಾತ್ ಆಗುತ್ತಿತ್ತು. ಕೊನೆಗೆ ಎಲ್ಲರೂ ಒಪ್ಪುವುದು ಬಿಸಿಲಿಗೆ. ಭಾನುವಾರ ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಅಕ್ಕಿ ಹರಡಿ, ಪಾರಿವಾಳ ಓಡಿಸಲು ಷಡ್ಡಕರು ಕೊಡೆ ಹಿಡಿದು ಕೂರುತ್ತಾರೆ. ವಾರಕ್ಕೊಂದು ರಜೆ, ಅದೂ ಪಾರಿವಾಳದ ಪಾಲು. ಅದರ ಕೂಲಿಯನ್ನು ಯಾವ ಲೆಕ್ಕಕ್ಕೆ ಬರೆಯೋಣ ಎಂದು ನಾನು ಕೇಳಲಿಲ್ಲ. ಅವರೇ ಮುಂದಾಗಿ ಹೇಳಿದರು: ‘ಹುಳ ಬಂದಿದೆ ಅಂದ್ರೆ ಒಳ್ಳೇದೇ ರೀ, ಔಷಧಿ ಹೊಡೆದಿಲ್ಲ ಅಂತ ಅರ್ಥ.’ ಸಗಟು ಪಂಥದವರನ್ನು ಸೋಲಿಸುವುದು ಯಾಕೆ ಕಷ್ಟ ಎಂದು ನನಗೆ ಆಗ ಗೊತ್ತಾಯಿತು.

ಎಣ್ಣೆಯ ಟಿನ್ನಿಗೆ ಬರೋಣ. ಇಲ್ಲಿ ಜಾಣರೂ ಜಾರುತ್ತಾರೆ, ಎಣ್ಣೆಯಲ್ಲವೆ? ಒಂದು ಅಂಗಡಿಯ ಟಿನ್ನಿನ ಮೇಲೆ 15 ಲೀಟರ್ ಎಂದಿರುತ್ತದೆ, ಪಕ್ಕದ ಅಂಗಡಿಯದರ ಮೇಲೆ 15 ಕೆಜಿ. ಬೆಲೆಯಲ್ಲಿ ನೂರೋ ನೂರೈವತ್ತೋ ವ್ಯತ್ಯಾಸ. ಕಡಿಮೆಯದನ್ನು ಎತ್ತಿಕೊಂಡು ಬಂದವನು ಮೀಸೆ ತಿರುವುತ್ತಾನೆ. ಆದರೆ ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತೂಗಿದರೆ 910 ಗ್ರಾಂ ಆಸುಪಾಸು. ಹಾಗಾಗಿ 15 ಲೀಟರ್ ಟಿನ್ನಿನಲ್ಲಿರುವುದು ಸುಮಾರು 13.65 ಕೆಜಿ; 15 ಕೆಜಿ ಟಿನ್ನಿನಲ್ಲಿರುವುದು ಹದಿನಾರೂವರೆ ಲೀಟರಿನಷ್ಟು. ಒಂದೂವರೆ ಲೀಟರ್ ಎಣ್ಣೆ ಬರೀ ಅಕ್ಷರಗಳ ನಡುವೆ ಸೋರಿಹೋಯಿತು! ಸಣ್ಣ ಪ್ಯಾಕೆಟ್ಟಿನಲ್ಲಿಯೂ ಈ ಆಟವಿದೆ. ನೋಡಲು ಒಂದೇ ಗಾತ್ರದ ಎರಡು ಪ್ಯಾಕೆಟ್ಟಿನ ತೂಕ ಒಂದೇ ಇರಬೇಕೆಂದೇನೂ ಇಲ್ಲ. ಹಿಂಬದಿಯ ಸಣ್ಣಕ್ಷರದಲ್ಲಿ ಗ್ರಾಂ ಎಷ್ಟಿದೆ ನೋಡಿಯೇ ಬೆಲೆ ಹೋಲಿಸಬೇಕು. ಕನ್ನಡಕ ಮರೆತು ಅಂಗಡಿಗೆ ಹೋಗುವವರು ಎಣ್ಣೆ ಕೊಳ್ಳಬಾರದು.

ಇಷ್ಟೆಲ್ಲ ನೋಡಿ ಸರಿಯಾದ ಟಿನ್ನನ್ನೇ ತಂದಿರಿ ಎಂದಿಟ್ಟುಕೊಳ್ಳಿ. ಆಗ ಶುರುವಾಗುವುದು ನಿಜವಾದ ಕಥೆ. ಒಂದು ಲೀಟರ್ ಪ್ಯಾಕೆಟ್ ಇದ್ದ ಮನೆಯಲ್ಲಿ ‘ಬೋಂಡ ಮಾಡೇ’ ಎಂದರೆ ‘ಎಣ್ಣೆ ಎಷ್ಟಾಗಿದೆ ಗೊತ್ತಾ?’ ಎಂಬ ಉತ್ತರ ಬರುತ್ತದೆ. ಟಿನ್ನು ಬಂದ ಮನೆಯಲ್ಲಿ ಆ ಉತ್ತರಕ್ಕೆ ಬಲವಿಲ್ಲ. ಮಳೆ ಬಂದರೆ ಬಜ್ಜಿ, ಮಳೆ ನಿಂತರೆ ಪಕೋಡ, ಮಗನ ಗೆಳೆಯರು ಬಂದರೆ ಪೂರಿ, ಯಾರೂ ಬರದಿದ್ದರೆ ಬೇಜಾರಿಗೆ ಹಪ್ಪಳ. ಮೂರು ತಿಂಗಳು ಬರಬೇಕಾದ ಟಿನ್ನು ಎರಡೇ ತಿಂಗಳಿಗೆ ಟಣಟಣ ಅನ್ನುತ್ತದೆ. ಉಳಿತಾಯ ಎಲ್ಲಿ ಹೋಯಿತೆಂದು ಹುಡುಕಬೇಕಾಗಿಲ್ಲ, ಎಲ್ಲರ ಸೊಂಟದ ಸುತ್ತ ಜಮಾ ಆಗಿರುತ್ತದೆ. ಕೈ ಬಿಗಿಹಿಡಿದು ಎಣ್ಣೆ ಉಳಿಸಿದ ಮನೆಯಲ್ಲಾದರೋ, ತೆರೆದ ಟಿನ್ನು ಬೇಸಿಗೆಗೆ ಸಿಕ್ಕಿ ಕಮಟು ಹಿಡಿಯುತ್ತದೆ. ತಿಂದರೆ ಹೊಟ್ಟೆಗೆ, ಬಿಟ್ಟರೆ ಟಿನ್ನಿಗೆ, ಎರಡರಲ್ಲಿ ಒಂದಕ್ಕೆ ನಷ್ಟ.

ಒಬ್ಬರಿಗೆ ಮೂಟೆ ಹೆಚ್ಚಾಯಿತೆ, ನಾಲ್ಕು ಮನೆಯವರು ಸೇರಿ ಕೊಳ್ಳಿ ಎನ್ನುತ್ತಾರೆ ಬುದ್ಧಿವಂತರು. ಅದನ್ನೂ ನೋಡಿದ್ದಾಯಿತು. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಈರುಳ್ಳಿ ಕೆಜಿಗೆ ಇನ್ನೂರು ರೂಪಾಯಿ ಮುಟ್ಟಿತ್ತಲ್ಲ, ಆ ಗಾಯ ಎಷ್ಟೋ ಜನಕ್ಕೆ ಇನ್ನೂ ಆರಿಲ್ಲ. ಷಡ್ಡಕರ ಅಪಾರ್ಟ್‌ಮೆಂಟಿನಲ್ಲಿ ಬೆಲೆ ಇಳಿದಾಗಲೇ ಹಿಡಿಯೋಣ ಎಂದು ನಾಲ್ಕು ಮನೆಯ ಒಂದು ಈರುಳ್ಳಿ ಕೂಟವಾಯಿತು. ಯಶವಂತಪುರದಿಂದ 50 ಕೆಜಿಯ ಚೀಲ ಬಂತು. ಹಮಾಲಿ, ಆಟೋ ಬಾಡಿಗೆ, ಗೇಟಿನಿಂದ ಲಿಫ್ಟಿನವರೆಗೆ ಹೊತ್ತ ವಾಚ್‌ಮನ್ನಿಗೆ ಕಾಫಿ ಕಾಸು, ಎಲ್ಲ ಸೇರಿತು. ಕಾರು ನಿಲ್ಲಿಸುವ ಜಾಗದಲ್ಲಿ ಗೋಣಿ ಬಿಚ್ಚಿ ಪಾಲು ಮಾಡಲು ಕೂತರು. ಮೇಲಿದ್ದದ್ದು ದಪ್ಪ, ಕೆಳಗಿದ್ದದ್ದು ಗೋಲಿ. ದಪ್ಪದ್ದು ಯಾರಿಗೆ? ತೂಕದಲ್ಲಿ ಹಂಚಬೇಕೋ, ಎಣಿಸಿ ಹಂಚಬೇಕೋ? ಸಿಪ್ಪೆಯ ತೂಕ ಯಾರ ಖಾತೆಗೆ? ಮೊಳಕೆ ಬಂದದ್ದನ್ನು ಈರುಳ್ಳಿ ಎನ್ನಬೇಕೋ ಗಿಡ ಎನ್ನಬೇಕೋ? ಕಾವೇರಿ ನೀರು ಹಂಚುವಾಗ ಕೂಡ ಇಷ್ಟು ಸೂಕ್ಷ್ಮ ತಕರಾರು ಬಂದಿರಲಾರದು. ಅಷ್ಟರಲ್ಲಿ ಮೂರನೇ ಮಹಡಿಯ ಹಿರಿಯರು ಇಳಿದು ಬಂದು, ‘ನಮಗೆ ಚಾತುರ್ಮಾಸ್ಯ, ಈರುಳ್ಳಿ ಮುಟ್ಟೋ ಹಾಗಿಲ್ಲ. ನಮ್ಮ ಪಾಲು ಯಾರಾದ್ರೂ ಇಟ್ಟುಕೊಂಡಿರಿ, ಮುಗಿದ ಮೇಲೆ ತಗೋತೀವಿ’ ಅಂದರಂತೆ.

ಇಟ್ಟುಕೊಳ್ಳುವುದಕ್ಕೆ ಅದೇನು ಬೆಳ್ಳಿ ತಟ್ಟೆಯೆ? ಚಿತ್ರದುರ್ಗ, ಗದಗಿನ ಕಡೆಯಿಂದ ಮಳೆಗಾಲದ ಬೆಳೆಯಾಗಿ ಬರುವ ಈರುಳ್ಳಿಯಲ್ಲಿ ನೀರಿನ ಅಂಶ ಹೆಚ್ಚು. ಹೆಚ್ಚು ದಿನ ತಡೆಯುವುದಿಲ್ಲ. ಮಹಾರಾಷ್ಟ್ರದಿಂದ ಬೇಸಿಗೆ ಹೊತ್ತಿಗೆ ಬರುವ ಹಿಂಗಾರಿನ ಈರುಳ್ಳಿಯಾದರೆ ಗಾಳಿಯಾಡುವ ಕಡೆ ತಿಂಗಳುಗಟ್ಟಲೆ ಕೂರುತ್ತದೆ. ಮಂಡಿಯವನಿಗೆ ಇದು ಗೊತ್ತು. ಅದಕ್ಕೇ ಅವನು ಕೂರದ್ದನ್ನು ಅಗ್ಗಕ್ಕೆ ಬಿಟ್ಟು ಕೂರುವುದನ್ನು ತಾನು ಇಟ್ಟುಕೊಳ್ಳುತ್ತಾನೆ. ಅಗ್ಗವಾಗಿದೆ ಎಂದು ನಾವು ಚೀಲಗಟ್ಟಲೆ ತರುವುದು ಬಹುತೇಕ ಬೇಗ ಖಾಲಿ ಮಾಡಬೇಕೆಂದು ಅವನಿಗೆ ಅವಸರವಿರುವ ಮಾಲನ್ನೇ.

ಇನ್ನು ಗಾಜಿನ ಬಾಗಿಲಿನ ಅಂಗಡಿಗಳು. ಅಲ್ಲಿ ಮೂಟೆಯಿಲ್ಲ, ತಳ್ಳುಗಾಡಿಯಿದೆ. 2006ರ ಗಣರಾಜ್ಯೋತ್ಸವಕ್ಕೆ ಬಿಗ್ ಬಜಾರಿನವರು ಭಾರೀ ರಿಯಾಯಿತಿ ಇಟ್ಟಾಗ ಧ್ವಜವಂದನೆ ಮುಗಿಸಿ ಜನ ನೇರ ಬಕೆಟ್ ಕೊಳ್ಳಲು ಸಾಲು ನಿಂತದ್ದು ನೆನಪಿರಬಹುದು. ಆ ಬಜಾರು ಈಗಿಲ್ಲ, ಅಲ್ಲಿಂದ ತಂದ ಬಕೆಟ್ಟುಗಳು ಇವೆ. ಒಂದಕ್ಕೊಂದು ಫ್ರೀ ಎಂಬ ಹಲಗೆಯ ಕೆಳಗೆ ನಿಂತವರ ಮುಖ ನೋಡಿ, ಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿಗೆ ಬರುವುದೇ ಇಲ್ಲ. ಮನೆಯಲ್ಲಿ ಯಾರೂ ಮುಟ್ಟದ ಓಟ್ಸು ಒಂದಿದ್ದರೆ ದಂಡ, ಎರಡಿದ್ದರೆ ಉಳಿತಾಯ! ದೊಡ್ಡದು ಯಾವಾಗಲೂ ಅಗ್ಗ ಎಂಬ ನಂಬಿಕೆಯನ್ನೂ ಅಲ್ಲಿ ಸ್ವಲ್ಪ ಪರೀಕ್ಷಿಸಬೇಕು. ಶಾಂಪೂವಿನ ದೊಡ್ಡ ಬಾಟಲಿಯನ್ನೂ ಅದೇ ಹೆಸರಿನ ಸ್ಯಾಶೆ ಮಾಲೆಯನ್ನೂ ಮಿಲಿಲೀಟರಿಗೆ ಭಾಗಿಸಿ ನೋಡಿದರೆ ಎಷ್ಟೋ ಸಲ ಗೆಲ್ಲುವುದು ಸ್ಯಾಶೆ. ಗ್ರಾಮಿಗೆ ಎಷ್ಟು, ಮಿಲಿಲೀಟರಿಗೆ ಎಷ್ಟು ಎಂಬ ದರವನ್ನು ಈಗ ಪೊಟ್ಟಣದ ಮೇಲೆಯೇ ಅಚ್ಚುಹಾಕಬೇಕೆಂಬ ನಿಯಮವಿದೆ, ಹಾಕುತ್ತಾರೆ ಕೂಡ. ರಿಯಾಯಿತಿಯ ಅಂಕಿ ಎದುರಿಗೆ ಕುಂಬಳಕಾಯಿ ಗಾತ್ರ, ಈ ದರ ಹಿಂದುಗಡೆ ಸಾಸಿವೆ ಗಾತ್ರ.

ಇದಕ್ಕೆಲ್ಲ ಸಾಕ್ಷಿಯಾಗಿ ಬೀದಿ ತುದಿಯಲ್ಲಿ ನಮ್ಮ ಶೆಟ್ಟರ ಅಂಗಡಿಯಿದೆ. ಷಡ್ಡಕರ ದೃಷ್ಟಿಯಲ್ಲಿ ಅದು ಸೋಮಾರಿಗಳು ದಂಡ ಕಟ್ಟುವ ಜಾಗ. ‘ನಾಲ್ಕು ರೂಪಾಯಿ ಜಾಸ್ತಿ ತಗೋತಾನೆ’ ಎಂದು ಅವರ ಆರೋಪ. ತಗೊಳ್ಳುತ್ತಾರೆ, ನಿಜ. ಆದರೆ ಆ ನಾಲ್ಕು ರೂಪಾಯಿಗೆ ಅವರು ಏನೇನು ಮಾಡುತ್ತಾರೆ ನೋಡಿ. ನನ್ನ ಅಕ್ಕಿಯನ್ನು ಅವರ ಗೋದಾಮಿನಲ್ಲಿ ಇಟ್ಟುಕೊಂಡಿರುತ್ತಾರೆ. ಹುಳದ ಕಾಟ ಅವರದು, ಇಲಿಯ ಕಾಟ ಅವರದು, ದರ ಇಳಿದರೆ ಎದೆಬಡಿತ ಅವರದು. ನನ್ನ ಬೇಳೆಗೆ ಬಂಡವಾಳ ಹೂಡಿದವರೂ ಅವರೇ. ನನಗೆ ಬೇಕಾದಾಗ, ಬೇಕಾದಷ್ಟು, ಕಾಲು ಕೆಜಿಯಾದರೂ ಮುಖ ಸಿಂಡರಿಸದೆ ಕಟ್ಟಿಕೊಡುತ್ತಾರೆ. ‘ಉದ್ರಿ ಕೇಳಬೇಡಿ’ ಎಂದು ಹಲಗೆ ಹಾಕಿಕೊಂಡು ಅದರ ಕೆಳಗೇ ಕೂತು ಉದ್ರಿ ಪುಸ್ತಕ ಬರೆಯುತ್ತಾರೆ. ತಿಂಗಳ ಇಪ್ಪತ್ತೈದನೇ ತಾರೀಖಿಗೆ ಸಕ್ಕರೆ ಮುಗಿದರೆ ಯಾವ ತಳ್ಳುಗಾಡಿಯ ಅಂಗಡಿಯವನು ‘ಒಂದನೇ ತಾರೀಖು ಕೊಡಿ ಸಾರ್’ ಎಂದಾನು?

ಹಾಗಂತ ಸಗಟನ್ನೇ ಹೀಗಳೆದರೆ ನಮ್ಮ ಅತ್ತೆಯವರು ನನ್ನನ್ನು ಮನೆಗೆ ಸೇರಿಸುವುದಿಲ್ಲ. ಅವರ ಕಾಲದಲ್ಲಿ ವರ್ಷದ ಸಾಮಾನು ವರ್ಷಕ್ಕೊಮ್ಮೆಯೇ ಬರುತ್ತಿತ್ತು. ಆದರೆ ಅವರ ಪಟ್ಟಿ ಬೇರೆ, ಅಳಿಯಂದಿರ ಪಟ್ಟಿ ಬೇರೆ. ಹುಣಸೆಹಣ್ಣು ಶಿವರಾತ್ರಿ ಯುಗಾದಿಯ ನಡುವೆ ಹೊಸದು ಬಂದಾಗ ಕೊಂಡು, ಬೀಜ ನಾರು ತೆಗೆದು, ಉಪ್ಪು ಬೆರೆಸಿ ಜಾಡಿಯಲ್ಲಿ ಒತ್ತಿಟ್ಟರೆ ಮುಂದಿನ ಯುಗಾದಿಗೂ ಕೆಡದು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಮೆಣಸಿನಕಾಯಿ ಬೇಸಿಗೆಯಲ್ಲೇ ತಂದು ಗಲಗಲ ಅನ್ನುವಂತೆ ಒಣಗಿಸಿಡಬೇಕು. ಪುಡಿ ಮಾತ್ರ ಆಗಾಗ ಮಾಡಿಸಬೇಕು. ರಾಗಿಯಂತೂ ವರ್ಷಗಟ್ಟಲೆ ಜಪ್ಪಯ್ಯ ಅನ್ನದು, ಹುಳಕ್ಕೂ ಅದರ ಮೇಲೆ ಅಷ್ಟಕ್ಕಷ್ಟೆ. ಆದರೆ ಹಿಟ್ಟಾದ ಮೇಲೆ ಅದರ ಆಯುಸ್ಸು ಕೆಲವೇ ವಾರ. ಅಕ್ಕಿ ಹಳೆಯದಾದಷ್ಟೂ ಒದಗು ಹೆಚ್ಚು, ಅನ್ನ ಉದುರುದುರು. ಉಪ್ಪು ಎಷ್ಟಾದರೂ ತನ್ನಿ, ಯಾರೂ ಹೆಚ್ಚಿಗೆ ತಿಂದು ಮುಗಿಸುವುದಿಲ್ಲ. ಗೋಡಂಬಿ ದ್ರಾಕ್ಷಿ ಮಾತ್ರ ಕೆಜಿಯಲ್ಲಿ ತರಬೇಡಿ, ಹೋಗಿಬರುವ ಕೈಗಳೇ ಪಾಯಸ ಮಾಡಿಬಿಡುತ್ತವೆ. ಕಡಲೆಹಿಟ್ಟು, ರವೆ, ಮಸಾಲೆ ಪುಡಿ ಎಲ್ಲ ಕಣ್ಣಳತೆಗೆ ಬೇಕಾದಷ್ಟೇ. ಇನ್ನು ಕಾಫಿ ಪುಡಿಯನ್ನು ತಿಂಗಳಿಗಾಗುವಷ್ಟು ಒಟ್ಟಿಗೆ ತಂದವನ ಮನೆಯಲ್ಲಿ ಅವರು ಎರಡನೇ ಲೋಟ ಕೇಳುವುದಿಲ್ಲ. ಅದಕ್ಕಿಂತ ಕಠಿಣ ಶಿಕ್ಷೆ ನಮ್ಮ ವಂಶದಲ್ಲಿ ಇಲ್ಲ. ಕಾಳಾಗಿದ್ದರೆ ಕೂಡಿಡು, ಪುಡಿಯಾಗಿದ್ದರೆ ಓಡಿಸು, ನಾಲಗೆಗೆ ರುಚಿಯಾಗಿದ್ದರೆ ಮನೆಯೊಳಗೇ ತುಂಬಬೇಡ. ಅವರ ಅರ್ಥಶಾಸ್ತ್ರ ಇಷ್ಟೇ.

ಒಂದು ಸಲ ಅತ್ತೆಯವರು ಹಿರಿಮಗಳ ಮನೆಯಲ್ಲಿ ಒಂದಷ್ಟು ದಿನ ಇದ್ದರು. ಷಡ್ಡಕರು ಅಕ್ಕಿ ಮೂಟೆ ತೋರಿಸಿ, ಕೆಜಿಗೆ ನಾಲ್ಕರಂತೆ ನೂರ ನಾಲ್ಕು ರೂಪಾಯಿ ಉಳಿದದ್ದನ್ನು ವಿವರಿಸಿದರು. ಅತ್ತೆಯವರು ಎಲ್ಲ ಕೇಳಿಸಿಕೊಂಡು, ‘ದಿನಾ ಎಷ್ಟು ಅಳೀತೀರಿ?’ ಅಂದರು. ಅಳೆಯುವುದೆ? ಆ ಮನೆಯಲ್ಲಿ ಯಾರ ಕೈಗೆ ಯಾವ ಲೋಟ ಸಿಗುತ್ತದೋ ಅದರಲ್ಲಿ ಮೊಗೆಯುವುದು, ಮೇಲೊಂದು ಹಿಡಿ ತುಂಬುವುದು. ‘ಮೂಟೆ ಇದೆಯಲ್ಲಮ್ಮ’ ಅಂತ ಮಗಳ ಉತ್ತರ. ರಾತ್ರಿ ಅನ್ನ ಮಿಕ್ಕಿತು ಎಂದು ಬೆಳಿಗ್ಗೆ ಚಿತ್ರಾನ್ನ, ಚಿತ್ರಾನ್ನಕ್ಕೆ ಟಿನ್ನಿನ ಎಣ್ಣೆ, ಎಣ್ಣೆಗೆ ಕೈತುಂಬ ಕಡಲೆಬೀಜ, ಅದೂ ಮಿಕ್ಕಿದರೆ ಕೆಲಸದವಳಿಗೆ. ಅತ್ತೆಯವರು ಅಲ್ಲೇ ಕೂತು ಬೆರಳು ಮಡಿಸಿದರು. ದಿನಕ್ಕೆ ಒಂದು ಹಿಡಿ ಹೆಚ್ಚು, ಐವತ್ತು ಗ್ರಾಂ ಅನ್ನಿ. ಮೂಟೆ ನಲವತ್ತೈದು ದಿನ ಬಂತು ಅನ್ನಿ. ಎರಡೂಕಾಲು ಕೆಜಿ ಸುಮ್ಮನೆ ಬೆಂದುಹೋಯಿತು. ಅದರ ಬೆಲೆ ನೂರ ಮೂವತ್ತರ ಹತ್ತಿರ. ‘ಅಳಿಯಂದಿರೇ, ನೀವು ಅಂಗಡಿಯಲ್ಲಿ ನೂರ ನಾಲ್ಕು ಉಳಿಸಿದಿರಿ, ಪಾತ್ರೆಯಲ್ಲಿ ನೂರ ಮೂವತ್ತು ಕಳೆದಿರಿ. ಮೂಟೆ ಹೊತ್ತದ್ದು ದಂಡ’ ಅಂದರು. ಷಡ್ಡಕರಿಗೆ ಅಂದು ಮಾತು ಹೊರಡದ್ದನ್ನು ನಾನು ಕಣ್ಣಾರೆ ನೋಡಲಿಲ್ಲವಲ್ಲ ಎಂಬುದೇ ನನ್ನ ಕೊರಗು.

ಮರುದಿನ ಆ ಮನೆಯ ಅಕ್ಕಿ ಡಬ್ಬಿಯೊಳಗೆ ಒಂದು ಪಾವು ಬಂದು ಕೂತಿತು. ಅತ್ತೆಯವರ ಮದುವೆಯ ಕಾಲದ ಹಿತ್ತಾಳೆಯದು. ಈ ಪಾವಿನ ಗಟ್ಟಿತನ ನೋಡಿ. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೆಟ್ರಿಕ್ ತೂಕ ಬಂದು ಸೇರು, ಮಣಗಳನ್ನೆಲ್ಲ ಪೇಟೆಯಿಂದ ಓಡಿಸಿತು. ಸೇರಿನ ಕಾಲುಭಾಗವಾದ ಪಾವು ಮಾತ್ರ ಅಡುಗೆಮನೆಗೆ ನುಗ್ಗಿ ಡಬ್ಬಿಯೊಳಗೆ ಅವಿತುಕೊಂಡು ಬದುಕಿಬಿಟ್ಟಿತು. ಕೊಳ್ಳುವುದಕ್ಕೆ ಕೆಜಿ, ಬೇಯಿಸುವುದಕ್ಕೆ ಪಾವು. ಹಿಂದೆ ಎಷ್ಟೋ ಮನೆಗಳಲ್ಲಿ ಹಾಗೆ ಅಳೆದುಕೊಂಡ ಅಕ್ಕಿಯಿಂದಲೂ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದರು, ಮಠಕ್ಕೋ ಬಡ ಹುಡುಗರ ವಿದ್ಯಾರ್ಥಿನಿಲಯಕ್ಕೋ. ಒಂದು ಹಿಡಿ ಕಡಿಮೆಯಾಯಿತೆಂದು ಯಾರ ಮನೆಯಲ್ಲೂ ಯಾರೂ ಅರ್ಧ ಹೊಟ್ಟೆಯಲ್ಲಿ ಎದ್ದದ್ದಿಲ್ಲ. ಆ ಹಿಡಿಯಲ್ಲಿ ಓದಿದ ಹುಡುಗರು ಎಷ್ಟೋ. ನಮ್ಮ ಮೂಟೆಯ ಮನೆಗಳಲ್ಲಿ ಅದೇ ಹಿಡಿ ದಿನಾ ಹೆಚ್ಚಿಗೆ ಬೀಳುತ್ತದೆ, ಯಾರ ಹೊಟ್ಟೆಗೆ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ದರ ಮಂಡಿಯವನ ಕೈಲಿ, ತೆರಿಗೆ ದಿಲ್ಲಿಯವರ ಕೈಲಿ. ಆ ಹಿಡಿ ಒಂದೇ ನಮ್ಮ ಕೈಲಿರುವುದು. ತಿಂಗಳ ಬಜೆಟ್ಟೆಂದು ನಾವು ಡೈರಿಯಲ್ಲಿ ಬರೆದು ಗೀಟು ಎಳೆಯುವುದೆಲ್ಲ ಕೊನೆಗೆ ಬಂದು ನಿಲ್ಲುವುದು ಅಲ್ಲಿ.

ಷಡ್ಡಕರು ಈಗ ಬಹಳ ಬದಲಾಗಿದ್ದಾರೆ ಎಂದು ತಿಳಿಯಬೇಡಿ. ಮೂಟೆ ಬರುವುದು ನಿಂತಿಲ್ಲ, ಪಾವು ಅಳೆದು ಹಾಕುವುದರಿಂದ ಈಗ ಅದು ಮುಗಿಯುವುದೂ ಇಲ್ಲ. ಹಾಗಾಗಿ ನೆಂಟರ ಮನೆಗೆ ಬರುವಾಗ ಹೂವು ಹಣ್ಣಿನ ಬದಲು ಎರಡು ಕೆಜಿ ಬೇಳೆ ತರುತ್ತಾರೆ. ಗೃಹಪ್ರವೇಶಕ್ಕೆ ಸಕ್ಕರೆ, ನಾಮಕರಣಕ್ಕೆ ಉದ್ದಿನಬೇಳೆ. ಮೊನ್ನೆ ನನ್ನ ಹೆಂಡತಿ ಅವರ ಚೀಲ ಇಸಿದುಕೊಳ್ಳುತ್ತಾ, ‘ಭಾವ, ಮುಂದಿನ ಸಲ ಬರುವಾಗ ಸಾಸಿವೆ ತನ್ನಿ, ಮುಗಿದಿದೆ’ ಅಂದಳು. ಅವರಿಗೆ ಒಂದಿಷ್ಟೂ ಬೇಸರವಾಗಲಿಲ್ಲ. ಎಷ್ಟು ಬೇಕೆಂದು ಕೇಳಿ ಬರೆದುಕೊಂಡರು.

ಹೋಗುವಾಗ ಅವರನ್ನು ಬಸ್‌ಸ್ಟಾಪಿಗೆ ಬಿಡಲು ಹೋದವನು ದಾರಿಯಲ್ಲಿ ಶೆಟ್ಟರ ಅಂಗಡಿ ಮುಂದೆ ನಿಂತೆ. ಇವರಿಗೆ ಬಹುದಿನದ ಕುತೂಹಲ. ‘ಅಲ್ಲಾ ಶೆಟ್ಟರೇ, ನೀವೂ ಯಶವಂತಪುರದಿಂದಲೇ ತರೋದು, ನಾನೂ ಅಲ್ಲಿಂದಲೇ ತರೋದು. ನೀವು ಎರಡು ಅಂತಸ್ತು ಮನೆ ಕಟ್ಟಿಸಿಬಿಟ್ರಿ. ನನ್ನ ಕೈಲಿ ಏನೂ ನಿಲ್ಲಲಿಲ್ಲವಲ್ಲ, ಏನು ಗುಟ್ಟು?’ ಎಂದು ಕೇಳಿದರು.

ಶೆಟ್ಟರು ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳಿದರು: ‘ಗುಟ್ಟೇನಿಲ್ಲ ಸಾರ್. ತಂದದ್ದನ್ನ ನಾವು ತಿನ್ನಲ್ಲ.’